ಹಾಡು ಮುಗಿದ ಮೇಲೆ

ಶನಿವಾರ ರಾತ್ರಿ ಏಳೂವರೆಯಾಯಿತೆಂದರೆ ನಮ್ಮ ಮನೆಯಲ್ಲಿ ಊಟದ ತಟ್ಟೆಗಳು ಅಡುಗೆಮನೆಯನ್ನು ಬಿಟ್ಟು ನಡುಮನೆಗೆ ಬರುತ್ತವೆ. ವಾರದ ಉಳಿದ ದಿನಗಳಲ್ಲಿ ಇಂತಹ ಅನಾಚಾರವನ್ನು ಎಂದಿಗೂ ಸಹಿಸದ ನನ್ನ ತಾಯಿಯವರೇ ಅಂದು ಎಲ್ಲರಿಗಿಂತ ಮೊದಲು ಬಂದು, ಟೀವಿಯ ನೇರ ಎದುರಿನ ಕುರ್ಚಿಯನ್ನು ಹಿಡಿದು ಕುಳಿತಿರುತ್ತಾರೆ. ಪಕ್ಕದ ಮನೆಯ ರಾಯರೂ ಅವರ ಪತ್ನಿಯೂ, ತಮ್ಮ ಮನೆಯಲ್ಲಿ ನಮ್ಮದಕ್ಕಿಂತ ದೊಡ್ಡ ಟೀವಿ ಇದ್ದರೂ, "ನಾಲ್ಕು ಜನ ಸೇರಿ ನೋಡಿದರೇ ಚೆಂದ" ಎನ್ನುತ್ತ ಬರುತ್ತಾರೆ. ಆ ಹೊತ್ತಿಗೆ ಬರುವುದು ಮಕ್ಕಳ ಹಾಡಿನ ಸ್ಪರ್ಧೆ.

ಸ್ಪರ್ಧೆಯ ವೇದಿಕೆಯಲ್ಲಿ ತೀರ್ಪುಗಾರರು ಮೂವರೇ ಆದರೂ ನಮ್ಮ ನಡುಮನೆಯಲ್ಲಿ ಐವರು. ನನ್ನ ತಾಯಿಯವರಿಗೆ ಶ್ರುತಿಯ ವಿಷಯದಲ್ಲಿ ದಾಕ್ಷಿಣ್ಯವಿಲ್ಲ. ಅರ್ಧ ಶತಮಾನ ಆಕಾಶವಾಣಿಯನ್ನು ಕೇಳಿ ಹದಗೊಂಡ ಕಿವಿ ಅವರದು. ನನ್ನಾಕೆಗೆ ಮಗುವಿನ ಮುಖದಲ್ಲಿ ಬಳಲಿಕೆ ಇದೆಯೇ ಇಲ್ಲವೇ ಎಂಬುದೇ ಮುಖ್ಯ. ರಾಯರು ಫಲಿತಾಂಶವನ್ನು ಮೊದಲೇ ಬಲ್ಲವರಂತೆ ಮಾತನಾಡುತ್ತಾರೆ. ಅದು ತಪ್ಪಾದಾಗ ವಾಹಿನಿಯವರ ಒಳಸಂಚನ್ನೂ ವಿವರಿಸಬಲ್ಲರು. ಅವರ ಪತ್ನಿ ಎಲ್ಲ ಮಕ್ಕಳಿಗೂ ಪೂರ್ಣಾಂಕ ಕೊಡುವವರು. ಕನ್ನಡ ಪಾಠ ಹೇಳುವ ನನ್ನ ಪಾಲಿಗೆ ಉಳಿದದ್ದು ಉಚ್ಚಾರಣೆ. ಮಹಾಪ್ರಾಣ ಜಾರಿತೆಂದರೆ ನನಗೆ ಅರಿವಿಲ್ಲದೆಯೇ ನಾಲಗೆಯ ಮೇಲೆ 'ಛೆ' ಎಂಬ ಉದ್ಗಾರ ಬರುತ್ತದೆ. ನಮ್ಮೆಲ್ಲರ ನಡುವೆ, ಗೋಡೆಗೆ ಒರಗಿ, ಮೊಣಕಾಲಿನ ಮೇಲೆ ಗದ್ದವೂರಿ ಕುಳಿತು ನೋಡುವವಳು ಒಂಬತ್ತು ವರ್ಷದ ನನ್ನ ಮಗಳು. ಅವಳು ಯಾವ ಮಗುವಿಗೂ ಅಂಕ ಕೊಡುವುದಿಲ್ಲ.

ಕೆಲವು ವಾರಗಳ ಹಿಂದಿನ ಶನಿವಾರ, ಹತ್ತು ವರ್ಷದ ಹುಡುಗನೊಬ್ಬ ಹಾಡಿದ. ಪಲ್ಲವಿಯನ್ನು ಬಹಳ ಚೆನ್ನಾಗಿ ಎತ್ತಿಕೊಂಡವನು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಒಂದು ಸಾಲನ್ನು ಮರೆತ. ವಾದ್ಯದವರು ಮುಂದೆ ನಡೆದರು. ಹುಡುಗ ಒಂದು ಆವರ್ತ ಸುಮ್ಮನಿದ್ದು, ಎದೆಗುಂದದೆ, ಸರಿಯಾದ ಜಾಗದಲ್ಲಿ ಅವರನ್ನು ಕೂಡಿಕೊಂಡ. ನನ್ನ ತಾಯಿಯವರು "ಭೇಷ್" ಎಂದರು. ತಾಳ ಬಿಡದೆ ಹಾಗೆ ಮರಳಿ ಬರುವುದು ತಪ್ಪಿಲ್ಲದೆ ಹಾಡುವುದಕ್ಕಿಂತ ಕಷ್ಟವೆಂಬುದು ಅವರ ಮತ.

ಕೊನೆಗೆ ತೀರ್ಪಿನ ಗಳಿಗೆ ಬಂತು. ದೀಪಗಳು ಮಂಕಾದವು. ಮೂವರು ಮಕ್ಕಳು ಕೈ ಕೈ ಹಿಡಿದು ನಿಂತರು. ಎದೆಬಡಿತದಂತಹ ಸದ್ದೊಂದು ಹಿನ್ನೆಲೆಯಲ್ಲಿ ಮೊಳಗಿತು. "ಈ ವಾರ ಮನೆಗೆ ಹೋಗುತ್ತಿರುವವರು..." ಎಂದು ನಿರೂಪಕಿ ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ಒಡನೆಯೇ ಬಟ್ಟೆ ಒಗೆಯುವ ಪುಡಿಯ ಜಾಹೀರಾತು, ಅದರ ಹಿಂದೆ ಅಡುಗೆ ಎಣ್ಣೆಯದು, ಅದರ ಹಿಂದೆ ಬಂಗಾರದ ಒಡವೆಯದು. ಇಷ್ಟೆಲ್ಲ ಮುಗಿದ ಮೇಲೆ ಬಂದ ಹೆಸರು ಆ ಹುಡುಗನದೇ.

ಮುಂದಿನ ಎರಡು ನಿಮಿಷ ನಾವು ಕಂಡದ್ದು ಹಾಡನ್ನಲ್ಲ. ಹುಡುಗನ ತುಟಿ ನಡುಗುವುದನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿತು. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದನ್ನು ತೋರಿಸಿತು. ಮತ್ತೆ ಹುಡುಗನ ಬಳಿಗೆ ಬಂದು, ಕಣ್ಣೀರು ಕೆನ್ನೆಗೆ ಇಳಿಯುವವರೆಗೂ ಕಾದಿತ್ತು. ನನ್ನ ತಾಯಿಯವರು ಕೈಯಲ್ಲಿ ತುತ್ತು ಹಿಡಿದುಕೊಂಡೇ ಅತ್ತರು. ರಾಯರು ಕನ್ನಡಕ ಒರೆಸಿಕೊಂಡರು. ನನ್ನ ಗಂಟಲೂ ಕಟ್ಟಿತ್ತೆಂಬುದನ್ನು ಮುಚ್ಚಿಡಲಾರೆ. ನನ್ನ ಮಗಳು ಮಾತ್ರ ಎದ್ದು ಒಳಗೆ ಹೋದಳು.

ಮಲಗುವ ಹೊತ್ತಿನಲ್ಲಿ ಕೇಳಿದಳು: "ಅಪ್ಪಾ, ಆ ಹುಡುಗ ಏನು ತಪ್ಪು ಮಾಡಿದ?"

"ದೊಡ್ಡ ತಪ್ಪೇನೂ ಮಾಡಲಿಲ್ಲ, ಮರಿ."

"ಮತ್ತೆ ಮನೆಗೆ ಯಾಕೆ ಕಳಿಸಿದರು? ಮನೆಗೆ ಹೋಗೋದು ಶಿಕ್ಷೆನಾ?"

ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಹತ್ತು ವರ್ಷ ತರಗತಿಗಳಲ್ಲಿ ಶಬ್ದಾರ್ಥಗಳನ್ನು ವಿವರಿಸುತ್ತ ಬಂದವನಿಗೆ ಈ ಪ್ರಶ್ನೆಗೆ ಉತ್ತರ ತೋಚಲಿಲ್ಲ. ಶಾಲೆಯ ಗಂಟೆ ಬಾರಿಸಿದೊಡನೆ ಚೀಲ ಹೆಗಲಿಗೇರಿಸಿ ಓಡುವ ಮಕ್ಕಳಿಗೆ 'ಮನೆಗೆ ಹೋಗುವುದು' ಎಂಬುದಕ್ಕಿಂತ ಇಂಪಾದ ಮಾತು ಮತ್ತೊಂದಿಲ್ಲ. ಆ ಮಾತನ್ನು ನಾವು ಸೋಲಿನ ಹೆಸರಾಗಿ ಮಾಡಿಬಿಟ್ಟೆವಲ್ಲ ಎಂದು ಅಂದು ಮೊದಲ ಬಾರಿಗೆ ಹೊಳೆಯಿತು.

ಈ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡಲು ಇನ್ನೊಂದು ಕಾರಣವೂ ಇತ್ತು. ಮಗಳು ನಮ್ಮ ಹಿಂದಿನ ಬೀದಿಯ ಗುರುಗಳೊಬ್ಬರಲ್ಲಿ ಎರಡು ವರ್ಷಗಳಿಂದ ಸಂಗೀತ ಕಲಿಯುತ್ತಿದ್ದಾಳೆ. ಸರಳೆ, ಜಂಟಿ ವರಸೆಗಳನ್ನು ದಾಟಿ ಗೀತೆಗಳಿಗೆ ಬಂದಿದ್ದಾಳೆ. ಕಂಠ ಒಳ್ಳೆಯದೆಂದು ಗುರುಗಳ ಅಭಿಪ್ರಾಯ. ಅಷ್ಟು ಸಾಕಾಯಿತು, "ಮುಂದಿನ ಸುತ್ತಿಗೆ ಆಡಿಷನ್ ಕರೆದಿದ್ದಾರೆ, ಹುಡುಗಿಯನ್ನು ಕಳುಹಿಸಿ ಸಾರ್" ಎಂದು ರಾಯರು ವಾರದಿಂದ ಹಟ ಹಿಡಿದಿದ್ದರು. ಅರ್ಜಿಯ ನಮೂನೆಯನ್ನು ತಾವೇ ಮುದ್ರಿಸಿ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು.

ಮಕ್ಕಳು ಸಭೆಯಲ್ಲಿ ಹಾಡುವುದು ನಮ್ಮ ನಾಡಿಗೆ ಹೊಸದೇನಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದವರಲ್ಲಿ ಹನ್ನೊಂದು ವರ್ಷದ ಒಬ್ಬ ಬಾಲಕಿಯಿದ್ದಳು. ಮುಂದೆ ಗಂಗೂಬಾಯಿ ಹಾನಗಲ್ ಎಂದು ದೇಶವೆಲ್ಲ ಅರಿತದ್ದು ಆಕೆಯನ್ನೇ. ಅದೇ 1924ರಲ್ಲಿ ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಎಂಬ ಬಾಲಕ, ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಉಸ್ತಾದರ ಗಾಯನವನ್ನು ಇದ್ದಕ್ಕಿದ್ದಂತೆಯೇ ಹಾಡಿ ತೋರಿಸುತ್ತಿದ್ದ. ಹನ್ನೊಂದರ ಆಸುಪಾಸಿನಲ್ಲೇ ಅಲಹಾಬಾದಿನ ಸಂಗೀತ ಸಮ್ಮೇಳನದ ವಿದ್ವಾಂಸರನ್ನು ಬೆರಗುಗೊಳಿಸಿದ ಆ ಬಾಲಕನೇ ಕುಮಾರ ಗಂಧರ್ವ. ಬಾಲಪ್ರತಿಭೆಯನ್ನು ಕಂಡು ಚಪ್ಪಾಳೆ ತಟ್ಟುವ ಚಪಲ ನಮ್ಮ ತಲೆಮಾರಿನದಷ್ಟೇ ಅಲ್ಲವೆಂದಾಯಿತು.

ಆದರೆ ಆ ಚಪ್ಪಾಳೆಯ ಅನಂತರ ಏನಾಯಿತೆಂಬುದನ್ನು ನೋಡಬೇಕು. ಕುಮಾರ ಗಂಧರ್ವರನ್ನು ಮುಂಬಯಿಯ ಬಿ. ಆರ್. ದೇವಧರ್ ಅವರ ಸಂಗೀತಶಾಲೆಗೆ ಕಳುಹಿಸಿದರು. ಅನುಕರಣೆಯಲ್ಲಿ ಅಷ್ಟು ಹೆಸರು ಗಳಿಸಿದ್ದ ಹುಡುಗ ಅಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಯಾಗಿ ಕುಳಿತ. ಮುಂದೆ ಕ್ಷಯರೋಗ ಬಂದು ಹಲವು ವರ್ಷ ಹಾಡುವುದೇ ನಿಂತಾಗಲೂ ಅವರೊಳಗಿನ ಸಂಗೀತ ಬತ್ತದೆ ಹೊಸತಾಗಿ ಚಿಗುರಿತು. ಬುಡದಲ್ಲಿ ಆ ವರ್ಷಗಳ ನೀರಿತ್ತು. ಗಂಗೂಬಾಯಿಯವರೂ ಅಧಿವೇಶನದ ಹಾಡಿನಿಂದ ತೃಪ್ತರಾಗಿ ಕುಳಿತವರಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಅದೆಷ್ಟೋ ಮಕ್ಕಳಿಗೆ ಸಂಗೀತವನ್ನೇ ಬಾಳುವೆಯಾಗಿ ಕೊಟ್ಟದ್ದು ವಾರದ ಸ್ಪರ್ಧೆಯಿಂದಲ್ಲ. ಈ ಮಕ್ಕಳೆಲ್ಲರಿಗೂ ದೊರೆತದ್ದು ಯಾರೂ ನೋಡದಿರುವಾಗ ತಪ್ಪು ಮಾಡುವ ಅವಕಾಶ. ಅದೇ ವಿದ್ಯಾಭ್ಯಾಸವೆಂದು ನನ್ನ ನಂಬಿಕೆ.

ಟೀವಿಯನ್ನು ಹಳಿದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಮನೆಯಲ್ಲಿ ತಂಬೂರಿ ಇಲ್ಲದ, ಸಭಾ ಕಾರ್ಯದರ್ಶಿಗಳ ಪರಿಚಯವಿಲ್ಲದ ಮಕ್ಕಳಿಗೆ ಅದು ತೆರೆದ ಬಾಗಿಲು ಸಣ್ಣದಲ್ಲ. 1996ರಲ್ಲಿ ದೂರದರ್ಶನದ 'ಮೇರಿ ಆವಾಜ್ ಸುನೋ' ಸ್ಪರ್ಧೆಯಲ್ಲಿ ಗೆದ್ದು ಬೆಳಕಿಗೆ ಬಂದಾಗ ಸುನಿಧಿ ಚೌಹಾನ್ ಹದಿಮೂರರ ಆಸುಪಾಸಿನ ಹುಡುಗಿ. 2013ರ 'ಇಂಡಿಯನ್ ಐಡಲ್ ಜೂನಿಯರ್' ಸ್ಪರ್ಧೆಯ ಪ್ರಶಸ್ತಿಯನ್ನು ನಮ್ಮ ಬೆಂಗಳೂರಿನ ಬಾಲಕಿಯೊಬ್ಬಳು ಗೆದ್ದು ತಂದಾಗ ನಾವೆಲ್ಲ ಹೆಮ್ಮೆ ಪಟ್ಟೆವು.

ನಮ್ಮ ಭಾಷೆಯಲ್ಲಿಯೇ ಇಂತಹ ಕಾರ್ಯಕ್ರಮಕ್ಕೆ ಒಂದು ಘನತೆ ತಂದುಕೊಟ್ಟವರೆಂದರೆ ಎಸ್. ಪಿ. ಬಾಲಸುಬ್ರಹ್ಮಣ್ಯಂ. ತೆಲುಗಿನಲ್ಲಿ 1996ರಿಂದ 'ಪಾಡುತಾ ತೀಯಗಾ' ನಡೆಸಿ ಅನುಭವ ಪಡೆದಿದ್ದ ಅವರು ಈಟೀವಿ ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮವನ್ನು ನಡೆಸಿಕೊಟ್ಟರು. ಮಗು ಹಾಡಿ ಮುಗಿಸಿದ ಮೇಲೆ ಅವರು ಮೊದಲು ಹೇಳುತ್ತಿದ್ದುದು ಹಾಡನ್ನು ಬರೆದವರ, ರಾಗ ಹಾಕಿದವರ ವಿಷಯ. ಅನಂತರ, ತಾವೂ ಕಲಿಯುವವರೇ ಎಂಬ ಧಾಟಿಯಲ್ಲಿ, ತಪ್ಪಿದ ಜಾಗವನ್ನು ಒಮ್ಮೆ ತಾವೇ ಮೆಲ್ಲಗೆ ಹಾಡಿ ತೋರಿಸುತ್ತಿದ್ದರು. ಅದನ್ನು ಕೇಳಿ ಮಗು ನಗುತ್ತ ತಲೆದೂಗುತ್ತಿತ್ತು. ಮನೆಯಲ್ಲಿ ಕುಳಿತ ನಾವೂ ಒಂದು ಪಾಠ ಕಲಿಯುತ್ತಿದ್ದೆವು. 2020ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡಾಗ ನನ್ನ ತಾಯಿಯವರು ಅವರ ಚಲನಚಿತ್ರಗೀತೆಗಳಿಗಿಂತ ಹೆಚ್ಚಾಗಿ ನೆನೆದದ್ದು ಆ ತಿದ್ದುವ ರೀತಿಯನ್ನು. ಆ ಕಾರ್ಯಕ್ರಮದ ಹೆಸರನ್ನು ಕೇಳಿದೊಡನೆ ಜಿ. ಎಸ್. ಶಿವರುದ್ರಪ್ಪನವರ ಪ್ರಸಿದ್ಧ ಗೀತೆಯೊಂದು ನೆನಪಾಗದ ಕನ್ನಡಿಗನಿಲ್ಲ. ಆ ಗೀತೆಯ ಹಾಡುಗಾರ ಕೇಳುಗರ ಮೆಚ್ಚುಗೆಯನ್ನು ನೆಚ್ಚಿ ಹಾಡುವವನಲ್ಲ. ಸ್ಪರ್ಧೆಯ ಕಾರ್ಯಕ್ರಮಕ್ಕೆ ಆ ನೆನಪನ್ನು ತರುವ ಹೆಸರು ಬಂದದ್ದು ಒಂದು ಎಚ್ಚರಿಕೆಯಂತೆಯೂ ನನಗೆ ಕಾಣುತ್ತದೆ.

ಈಗಿನ ಸ್ಪರ್ಧೆಗಳಲ್ಲಿ ನನ್ನನ್ನು ಕಳವಳಗೊಳಿಸುವುದು ತಿದ್ದುವುದೂ ಅಲ್ಲ, ಸೋಲೂ ಅಲ್ಲ. ಮಗು ಸೋಲುವುದನ್ನು ಒಂದು ದೃಶ್ಯವನ್ನಾಗಿ ಮಾಡಿ ಬಡಿಸುವ ಬಗೆ. ಎಂಟು ವರ್ಷದ ಹುಡುಗಿ ವಿರಹದ ಹಾಡನ್ನು ಕಣ್ಣು ಅರೆಮುಚ್ಚಿ ಹಾಡುತ್ತಾಳೆ. ಅರ್ಥ ತಿಳಿಯದ ಆ ಭಾವಕ್ಕೆ ದೊಡ್ಡವರು ಎದ್ದು ನಿಂತು ಕೈ ಮುಗಿಯುತ್ತಾರೆ. ಇನ್ನೂ ಕಂಠ ಒಡೆಯದ ಹುಡುಗ ದೊಡ್ಡವರ ಹಾಡಿನ ಮೇಲಿನ ಸ್ಥಾಯಿಗೆ ಕತ್ತಿನ ನರ ಉಬ್ಬಿಸಿ ಏರುತ್ತಾನೆ. ಈ ವಾರ 'ಗಂಧರ್ವ' ಎನಿಸಿಕೊಂಡ ಮಗು ಮುಂದಿನ ವಾರ 'ಮನೆಗೆ' ಹೋಗುತ್ತದೆ. ಅಳುವ ಆ ಮುಖ ಅಲ್ಲಿಗೇ ಮರೆಯಾಗುವುದೂ ಇಲ್ಲ. ಯೂಟ್ಯೂಬಿನಲ್ಲಿ ಉಳಿದು, ಆ ಮಗು ಕಾಲೇಜಿಗೆ ಬರುವ ಹೊತ್ತಿಗೂ ಸಹಪಾಠಿಗಳ ಕೈಗೆ ಸಿಕ್ಕುತ್ತದೆ.

ಕಾನೂನು ಕಣ್ಣು ಮುಚ್ಚಿ ಕುಳಿತಿಲ್ಲ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದಾಗ ದೃಶ್ಯ–ಶ್ರವ್ಯ ಮನರಂಜನೆಯ ಕ್ಷೇತ್ರದಲ್ಲಿ ಕಲಾವಿದರಾಗಿ ದುಡಿಯುವ ಮಕ್ಕಳಿಗೆ ವಿನಾಯಿತಿ ಕೊಟ್ಟರು. ಅದರೊಡನೆ 2017ರ ನಿಯಮಗಳಲ್ಲಿ ಕೆಲವು ಕಟ್ಟುಪಾಡುಗಳನ್ನೂ ಹಾಕಿದರು. ಮಗುವಿನಿಂದ ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಕೂಡದು. ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ಸತತವಾಗಿ 27 ದಿನಗಳಿಗಿಂತ ಹೆಚ್ಚು ದುಡಿಸಕೂಡದು. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿಯುತ ವ್ಯಕ್ತಿ ನೋಡಿಕೊಳ್ಳಲು ಇರಬೇಕು. ಬಂದ ವರಮಾನದಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಗುವಿನ ಇಚ್ಛೆಗೆ ವಿರುದ್ಧವಾಗಿ ಅದನ್ನು ಪಾಲ್ಗೊಳಿಸಕೂಡದು. 2019ರ ಜೂನ್ ತಿಂಗಳಿನಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ, ನೃತ್ಯಸ್ಪರ್ಧೆಗಳಲ್ಲಿ ಮಕ್ಕಳನ್ನು ವಯಸ್ಸಿಗೆ ಸಲ್ಲದ ಭಂಗಿಗಳಲ್ಲಿ ತೋರಿಸಬಾರದೆಂದು ವಾಹಿನಿಗಳಿಗೆ ಸೂಚನೆಯನ್ನೂ ನೀಡಿತು.

ಇವೆಲ್ಲ ಬೇಕಾದ ನಿಯಮಗಳೇ. ಆದರೆ ಅಳುವ ಮಗುವಿನ ಮುಖದ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲಬಹುದೆಂಬುದಕ್ಕೆ ಗಂಟೆ ನಿಮಿಷಗಳ ಲೆಕ್ಕ ಹಾಕಲಾಗದು. ಅದು ನಿಲ್ಲುವುದು ನಾವು ನೋಡುತ್ತೇವೆಂದು. ಅಂದು ನಮ್ಮ ನಡುಮನೆಯಲ್ಲಿ ಹಾಡಿನ ನಡುವೆ ನೀರು ಕುಡಿಯಲು ಎದ್ದುಹೋದವರಿದ್ದರು. ಕಣ್ಣೀರಿನ ವೇಳೆಯಲ್ಲಿ ನನ್ನ ಮಗಳನ್ನು ಬಿಟ್ಟರೆ ಮತ್ತಾರೂ ಏಳಲಿಲ್ಲ.

ಇಷ್ಟು ಉಪದೇಶ ಮಾಡುವ ಅಧಿಕಾರ ನಿನಗೇನಿದೆ ಎಂದು ಓದುಗರು ಕೇಳಬಹುದು. ಏನೂ ಇಲ್ಲ. ಅದಕ್ಕಾಗಿಯೇ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಭಾವಗೀತೆಯ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಹೊಸ ಹುರುಪು, ಕೊರಳಿಗೆ ಹಾರ, ಎದುರಿಗೆ ಮುನ್ನೂರು ಮಕ್ಕಳು. ಆರನೆಯ ತರಗತಿಯ ಹುಡುಗನೊಬ್ಬ ಬಂದು ಹಕ್ಕಿಯ ಮೇಲಿನ ಒಂದು ಗೀತೆಯನ್ನು ಹಾಡಿದ. ಕಂಠದಲ್ಲಿ ಒಂದು ಬಗೆಯ ನೋವಿನ ಸೊಗಸಿತ್ತು. ಆದರೆ ಅವನ ನಾಲಗೆಗೆ ಹಕಾರ ಹೊರಳುತ್ತಿರಲಿಲ್ಲ. ಹಾಡು ಮುಗಿದ ಮೇಲೆ ನಾನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, "ಮಗು, ನೀನು ಹಾರಿಸಿದ್ದು ಹಕ್ಕಿಯನ್ನೋ ಅಕ್ಕಿಯನ್ನೋ?" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಉಪಾಧ್ಯಾಯರು ನಕ್ಕರು. ಹುಡುಗನೂ, ಏನು ಮಾಡಬೇಕೆಂದು ತಿಳಿಯದೆ, ನಕ್ಕ. ಚತುರನೆನಿಸಿಕೊಂಡ ಸುಖದಲ್ಲಿ ನಾನು ಅವನಿಗೆ ಸಮಾಧಾನಕರ ಬಹುಮಾನವನ್ನೂ ಬರೆದೆ.

ಮರುವರ್ಷ ಆ ಶಾಲೆಯ ಉಪಾಧ್ಯಾಯಿನಿಯೊಬ್ಬರು ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಮಾತಿನ ನಡುವೆ ಆ ಹುಡುಗನ ವಿಷಯ ಕೇಳಿದೆ. "ಅವನು ಈಗ ಹಾಡುವುದಿಲ್ಲ ಸಾರ್. ಪ್ರಾರ್ಥನೆಯಲ್ಲೂ ಬಾಯಿ ಆಡಿಸುತ್ತಾನೆ ಅಷ್ಟೆ. ಹುಡುಗರು ಅಕ್ಕಿ ಅಕ್ಕಿ ಎಂದು ಕರೆಯುತ್ತಾರೆ" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ; ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಒಮ್ಮೆ ಹೋಗಿ ಹುಡುಗನನ್ನು ಕಂಡು ಬರಬೇಕೆಂದುಕೊಂಡೆ. ಇಂದು ನಾಳೆ ಎನ್ನುತ್ತ ನಾನು ಹೋಗುವ ಹೊತ್ತಿಗೆ ಅವನು ಏಳನೆಯ ತರಗತಿ ಮುಗಿಸಿ, ತಂದೆಯ ಕೆಲಸದ ನಿಮಿತ್ತ ಬೇರೆ ಊರಿಗೆ ಹೊರಟುಹೋಗಿದ್ದ.

ಆ ದಿನ ಅಲ್ಲಿ ಕ್ಯಾಮೆರಾ ಇರಲಿಲ್ಲ, ಜಾಹೀರಾತು ಇರಲಿಲ್ಲ. ಒಂದು ಮಗುವನ್ನು ಸುಮ್ಮನಾಗಿಸಲು ಒಬ್ಬ ತೀರ್ಪುಗಾರ, ಒಂದು ಮೈಕು, ನಗಲು ಸಿದ್ಧವಾದ ಒಂದು ಸಭೆ ಸಾಕಾಗಿತ್ತು. ಹಕಾರವನ್ನು ತಿದ್ದಬೇಕಾದದ್ದು ನಿಜ. ಅದನ್ನು ಅವನನ್ನು ಪಕ್ಕಕ್ಕೆ ಕರೆದು ಹೇಳಬಹುದಾಗಿತ್ತು. ನಾಲ್ಕು ಸಲ ಹೇಳಿಸಿದ್ದರೆ ಬಂದೇ ಬರುತ್ತಿತ್ತು.

ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ತಾಯಿಯವರು ತಮ್ಮ ಗೆಳತಿಯ ವಿಷಯ ತೆಗೆದರು. ಮದುವೆಗೆ ಮುಂಚೆ ಆಕೆ ಆಕಾಶವಾಣಿಯ ಧ್ವನಿಪರೀಕ್ಷೆಗೆ ಹೋಗಿದ್ದರಂತೆ. "ತೇರ್ಗಡೆಯಾಗಲಿಲ್ಲ. ಅಂಚೆಯಲ್ಲಿ ಕಾಗದ ಬಂತು. ಅತ್ತಳೋ ಬಿಟ್ಟಳೋ ನಮಗಾರಿಗೂ ಗೊತ್ತಾಗಲಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹೋದಳು, ಪಾಸಾದಳು" ಎಂದರು. ಸೋಲಿನ ಕಾಗದವನ್ನು ಒಬ್ಬರೇ ಒಡೆದು ಓದುವುದು ಎಂತಹ ಭಾಗ್ಯವೆಂದು ಆಗ ತಿಳಿಯಿತು.

ರಾಯರಿಗೆ ನನ್ನ ಹಿಂಜರಿಕೆ ಒಪ್ಪಿಗೆಯಾಗಲಿಲ್ಲ. "ಸೋತವರೂ ಮೇಲೆ ಬರುತ್ತಾರೆ ಸಾರ್. ಅರಿಜಿತ್ ಸಿಂಗ್ 2005ರ 'ಫೇಮ್ ಗುರುಕುಲ್' ಸ್ಪರ್ಧೆಯಲ್ಲಿ ಗೆದ್ದನೇ? ಇಂದು ಅವನ ಹಾಡು ಕೇಳದ ಮನೆ ಯಾವುದು?" ಎಂದು ವಾದಿಸಿದರು. ಮಾತು ನಿಜವೇ. ಆದರೆ ಅಂದು ಅರಿಜಿತ್‌ಗೆ ಹದಿನೆಂಟು ವರ್ಷ. ಸೋಲು ಯಾವುದು, ತಾನು ಯಾರು ಎಂಬ ಭೇದವನ್ನು ಅರಿಯುವ ವಯಸ್ಸು. ಒಂಬತ್ತು ವರ್ಷದ ಮಗುವಿಗೆ 'ನಿನ್ನ ಹಾಡು ಇಂದು ಸರಿಹೋಗಲಿಲ್ಲ' ಎಂಬುದಕ್ಕೂ 'ನೀನು ಬೇಡ' ಎಂಬುದಕ್ಕೂ ಅಂತರ ಕಾಣುವುದು ಕಷ್ಟ. ಆ ಅಂತರವನ್ನು ಕಾಣಿಸಬೇಕಾದವರು ದೊಡ್ಡವರು. ದೀಪ ಮಂಕು ಮಾಡಿ, ಎದೆಬಡಿತದ ಸದ್ದು ಹಾಕಿದರೆ ಅದು ಕಾಣುವುದು ಹೇಗೆ?

ಕೊನೆಗೆ ನನ್ನಾಕೆಯೇ ಒಂದು ದಾರಿ ಹೇಳಿದಳು: "ಹಾಡುವವಳು ಅವಳು. ಅವಳನ್ನು ಕೇಳಿದಿರಾ?" ಕೇಳಿರಲಿಲ್ಲ. ಮಗಳನ್ನು ಕರೆದು, ಮೇಜಿನ ಮೇಲಿದ್ದ ನಮೂನೆಯನ್ನು ತೋರಿಸಿ, ಹೋಗುವ ಆಸೆಯಿದೆಯೇ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಹೋಗ್ತೀನಿ. ಆದರೆ ನಾನು ಅತ್ತರೆ ತೋರಿಸಬಾರದು ಅಂತ ಅದರಲ್ಲಿ ಬರೀರಿ."

ನಮೂನೆಯನ್ನು ಎರಡೂ ಬದಿ ತಿರುವಿ ನೋಡಿದೆ. ಹೆಸರು, ವಯಸ್ಸು, ಎತ್ತರ, ಬಲ್ಲ ಭಾಷೆಗಳು, ಹಾಡುವ ಮೂರು ಹಾಡುಗಳು ಇವುಗಳಿಗೆಲ್ಲ ಜಾಗವಿತ್ತು. ಆ ಷರತ್ತನ್ನು ಬರೆಯುವ ಜಾಗ ಇರಲಿಲ್ಲ. ಕಾಗದವನ್ನು ರಾಯರಿಗೆ ಹಿಂದಿರುಗಿಸಿದೆ. ಅವರು ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಶನಿವಾರವಾದ್ದರಿಂದ ಬಂದರು.

ನಾವು ಕಾರ್ಯಕ್ರಮ ನೋಡುವುದನ್ನು ಬಿಟ್ಟಿಲ್ಲ. ಮಕ್ಕಳು ಅಷ್ಟು ಶ್ರಮಪಟ್ಟು ಹಾಡುವಾಗ ಕೇಳದಿರುವುದೂ ಒಂದು ಅನ್ಯಾಯವೇ. ಆದರೆ ನಮ್ಮ ನಡುಮನೆಯಲ್ಲಿ ಈಗ ಒಂದು ಹೊಸ ಕಟ್ಟಳೆ ಜಾರಿಗೆ ಬಂದಿದೆ: ಹಾಡುವಾಗ ಯಾರೂ ಮಾತನಾಡಕೂಡದು; ದೀಪಗಳು ಮಂಕಾದೊಡನೆ ಟೀವಿಯನ್ನು ಆರಿಸಬೇಕು. ಆರಿಸುವ ಅಧಿಕಾರ ಮಗಳದು. ಯಾರು 'ಮನೆಗೆ' ಹೋದರೆಂಬುದು ಮುಂದಿನ ವಾರ ತಾನಾಗಿ ತಿಳಿಯುತ್ತದೆ. ರಾಯರಿಗೆ ಅಷ್ಟು ತಾಳ್ಮೆಯಿಲ್ಲ. ಅವರು ತಮ್ಮ ಮನೆಗೆ ಓಡಿಹೋಗಿ ನೋಡುತ್ತಾರೆ. ನನ್ನ ತಾಯಿಯವರು ಮಾತ್ರ ಆ ಕತ್ತಲೆಯ ಪರದೆಯ ಎದುರು ಸ್ವಲ್ಪ ಹೊತ್ತು ಕುಳಿತಿದ್ದು, ಕೇಳಿದ ಹಾಡುಗಳಲ್ಲಿ ಮನಸ್ಸಿಗೆ ಹಿಡಿದದ್ದನ್ನು ಗುನುಗುತ್ತ ತಟ್ಟೆಗಳನ್ನು ಒಳಗೆ ಒಯ್ಯುತ್ತಾರೆ. ಹಿಂದೆ ಹಿಂದೆ ಮಗಳೂ ದನಿ ಸೇರಿಸುತ್ತಾಳೆ. ಒಮ್ಮೊಮ್ಮೆ ಅವಳ ಶ್ರುತಿ ತಪ್ಪುತ್ತದೆ. ಅಜ್ಜಿ ನಿಂತು, ಆ ಸಾಲನ್ನು ಇನ್ನೊಮ್ಮೆ ಹಾಡುತ್ತಾರೆ.